ತೊಲೆ ಸೀದಾ ಕಾಣುವ ಫೋಟೊ

ಮನೆ ಮಾರಿಸುವ ಏಜೆಂಟನೊಬ್ಬ ಆಳಂದದ ನನ್ನ ಸ್ಟುಡಿಯೊಗೆ ಬಂದು, ತನಗೊಂದು ಕ್ಯಾಮೆರಾ ಆರಿಸಿ ಕೊಡಬೇಕೆಂದ. ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲೂಕುಗಳಲ್ಲಿ ಅವನ ಕೈಯಲ್ಲಿ ಮಾರಾಟದ ಮನೆಗಳಿದ್ದವು. ಇನ್ನು ಮುಂದೆ ಗಿರಾಕಿಗಳು ಮೊಬೈಲಿನಲ್ಲೇ ಮನೆ ನೋಡಿ, ಅಲ್ಲೇ ಮೆಚ್ಚಿ, ಅಲ್ಲೇ ಮಾತು ಮುಗಿಸುತ್ತಾರೆ ಎಂದು ಅವನು ನಂಬಿದ್ದ. ಮನೆಯೊಳಗೆ ಕಾಲಿಟ್ಟು ನೋಡುವುದು ಕೆಲಸವಿಲ್ಲದವರ ಅಭ್ಯಾಸ ಎಂಬ ಧಾಟಿಯಲ್ಲಿ ಮಾತಾಡಿದ.

"ಅಕ್ಕಾ, ಖೋಲಿ ದೊಡ್ಡದು ಕಾಣಬೇಕು. ಅಷ್ಟಽ."

"ಎಷ್ಟು ದೊಡ್ಡದು?"

"ಇದ್ದದ್ದಕ್ಕಿಂತ."

ಪಾಸ್‌ಪೋರ್ಟ್ ಫೋಟೊ, ಶಾಲೆಯ ಗುಂಪು ಫೋಟೊ, ಬಸುರಿಯರ ಕುಬಸ, ಹೆಸರಿಡುವ ಕಾರ್ಯ, ಇಷ್ಟು ನನ್ನ ಕೆಲಸ. ಮನೆಯ ಫೋಟೊ ತೆಗೆದವಳಲ್ಲ. ಹಾಗಾಗಿ ಒಂದಷ್ಟು ಸಂಜೆ ಕೂತು, ಹೊಸಬರು ಯಾವ ಸಾಮಾನು ಕೊಳ್ಳಬೇಕೆಂದು ಹೇಳುವ ವಿಡಿಯೊಗಳನ್ನು ನೋಡಿದೆ. ಆ ಗುರುಗಳು ತೋರಿಸುವ ಮನೆಗಳಿಗೆ ಗೋಡೆಯೇ ಇರುವುದಿಲ್ಲ, ಎಲ್ಲ ಗಾಜು. ನಮ್ಮ ಕಡೆಯ ಹಳೆಯ ಮನೆಗೆ ಒಂದು ಮೊಳ ದಪ್ಪದ ಕಲ್ಲುಗೋಡೆ, ಒಂದು ಬಾಗಿಲು, ಮಾಳಿಗೆಯಲ್ಲಿ ತಟ್ಟೆಯಗಲದ ಒಂದು ಬೆಳಕಿಂಡಿ. ಅದರಿಂದ ಇಳಿಯುವ ಬಿಸಿಲಿನ ಬಿಲ್ಲೆ ನೆಲದ ಮೇಲೆ ಬೆಳ್ಳಗೆ ಸುಡುತ್ತಿರುತ್ತದೆ. ಉಳಿದ ಕೋಣೆಯೆಲ್ಲ ಕತ್ತಲು. ಇಂಥ ಕೋಣೆಯ ಬಗ್ಗೆ ಯಾವ ಗುರುವೂ ಬಾಯಿ ಬಿಟ್ಟಿರಲಿಲ್ಲ.

ಕಲಬುರಗಿಯ ಅಂಗಡಿಗೆ ಇಬ್ಬರೂ ಹೋದೆವು. ಅಂಗಡಿಯವನು ನಮ್ಮ ಮುಖ ನೋಡಿದ ಕೂಡಲೇ ಗಾಜಿನ ಕಪಾಟಿನ ಮೇಲಿನ ಹಲಗೆಗೆ ಕೈ ಹಾಕಿದ.

"ಮನಿ ಫೋಟೊಕ್ಕ ಇದಽ ಬೇಕ್ರಿ. ಫುಲ್ ಫ್ರೇಮ್. ಕತ್ತಲಿ ಖೋಲಿನೂ ಹಗಲಾಗತದ."

"ಮನಿ ಓಡಿ ಹೋಗಾಂಗಿಲ್ಲಲ್ರಿ," ಎಂದೆ. "ನಿಂತಲ್ಲೇ ನಿಂತಿರ್ತದ. ನನಗ ಮೊದಲ ಸ್ಟ್ಯಾಂಡ್ ತೋರ್ಸ್ರಿ."

ಅವನು ಏಜೆಂಟನ ಕಡೆ ನೋಡಿ ನಕ್ಕ. ಹೆಂಗಸಿಗೆ ತಿಳಿಯುವುದಿಲ್ಲ ಎನ್ನುವ ನಗು. ಏಜೆಂಟನೂ ಸೇರಿ ನಕ್ಕ. ಆದರೆ ವಿಷಯ ಸರಳವಾಗಿತ್ತು. ದುಬಾರಿ ಕ್ಯಾಮೆರಾದ ಹೆಚ್ಚುಗಾರಿಕೆ ಇರುವುದು ಕತ್ತಲಲ್ಲಿ ಕೈಯಲ್ಲೇ ಹಿಡಿದು, ಚಲಿಸುವುದನ್ನು ಸೆರೆಹಿಡಿಯುವುದರಲ್ಲಿ. ಗೋಡೆ ಚಲಿಸುವುದಿಲ್ಲ. ಗಟ್ಟಿಯಾದ ಮೂರುಕಾಲಿನ ಸ್ಟ್ಯಾಂಡಿನ ಮೇಲೆ ಕೂರಿಸಿ, ಶಟರನ್ನು ಕೆಲವು ಸೆಕೆಂಡು ತೆರೆದಿಟ್ಟರೆ ಸಾಧಾರಣ ಕ್ಯಾಮೆರಾಕ್ಕೂ ಅದೇ ಕೋಣೆ ಅಷ್ಟೇ ಸ್ಪಷ್ಟವಾಗಿ ಕಾಣುತ್ತದೆ.

ಆಮೇಲೆ ಫ್ಲ್ಯಾಶ್ ತಂದ. ಬೆಳಕನ್ನು ತಲೆಯ ಮೇಲಿನ ಛತ್ತಿಗೆ ಹೊಡೆದು ಕೆಳಗಿಳಿಸಬೇಕಂತೆ. ಛತ್ತು ಬಿಳಿಯಾಗಿದ್ದರೆ ಸರಿ. ತಲೆಮಾರುಗಳ ಒಲೆಯ ಹೊಗೆ ಕುಡಿದು ಕಪ್ಪಾದ ಜಂತಿಗಳಿಗೆ ಬೆಳಕು ಹೊಡೆದರೆ ಅದು ಹೋದ ದಾರಿಯಲ್ಲೇ ಹೋಗುತ್ತದೆ, ಹಿಂತಿರುಗುವುದಿಲ್ಲ. ಇದನ್ನು ಹೇಳಿದಾಗ ಅಂಗಡಿಯವನು, "ಹಂಗಾದ್ರ ಬಣ್ಣ ಹೊಡಸ್ರಿ," ಎಂದ.

ಕೊನೆಗೆ ನಾನು ಆರಿಸಿದ್ದು ಇಷ್ಟು: ಯಾರೋ ಬಳಸಿ ಮಾರಿದ ಸಣ್ಣ ಸೆನ್ಸರಿನ ಕ್ಯಾಮೆರಾ ಒಂದು, ಒಂದೇ ದೃಶ್ಯವನ್ನು ಕತ್ತಲು, ನಡುವೆ, ಬೆಳಕು ಎಂದು ಮೂರು ಸಲ ತಾನೇ ತೆಗೆಯುವಂಥದ್ದು. ಹತ್ತರಿಂದ ಹದಿನೆಂಟು ಮಿಲಿಮೀಟರಿನ ಅಗಲ ಲೆನ್ಸ್ ಒಂದು, ಅಂಕಿ ಇಳಿದಷ್ಟೂ ಹೆಚ್ಚು ಅಗಲ ಕಾಣುವಂಥದ್ದು. ಎತ್ತಿದರೆ ತೋಳು ನೋಯುವ ಹಳೆಯ ಸ್ಟ್ಯಾಂಡ್, ಮತ್ತು ಅದರ ಮೇಲೆ ಕೂರುವ ನೀರುಗುಳ್ಳೆಯ ಮಟ್ಟಗೋಲು. ಲೆನ್ಸ್ ಕೊಳ್ಳುವ ಮುಂಚೆ ಕೌಂಟರಿನ ಹಿಂದಿನ ಟೈಲ್ಸ್ ಗೋಡೆಯ ಫೋಟೊ ತೆಗೆದು ನೋಡಿದೆ. ಹತ್ತರಲ್ಲಿ ಮೇಲಂಚಿನ ಸಾಲು ನಡುವೆ ಮೇಲಕ್ಕೆ ಉಬ್ಬಿ ಬಿಲ್ಲಿನಂತಾಯಿತು. ಹದಿನಾರಕ್ಕೆ ಬಂದಾಗ ಹೆಚ್ಚುಕಡಿಮೆ ನೇರವಾಯಿತು. ಏಜೆಂಟನಿಗೂ ತೋರಿಸಿದೆ. ಲೆನ್ಸಿನ ಸ್ವಭಾವಕ್ಕೆ ಗುರುತು ಬೇಕೆಂದು ಆ ಚಿತ್ರಗಳನ್ನು ಅಳಿಸಲಿಲ್ಲ.

ಏಜೆಂಟ ಸ್ಟ್ಯಾಂಡನ್ನು ಎತ್ತಿ ನೋಡಿ ಇಳಿಸಿದ. "ಎಷ್ಟ್ ವಜ್ಜಾ ಅದ! ಫೋಟೊ ತೆಗ್ಯಾಕ ಹೊಂಟೀವೋ, ಚಪ್ಪರಾ ಹಾಕಾಕ ಹೊಂಟೀವೋ ಅಕ್ಕಾ?"

ಮೊದಲ ಕೆಲಸ ಜೇವರ್ಗಿಯಲ್ಲಿ, ಹೊಸದಾಗಿ ಕಟ್ಟಿದ ಮನೆ. ಬಾಗಿಲ ಚಿಲಕದ ಎತ್ತರಕ್ಕೆ ಕ್ಯಾಮೆರಾ ನಿಲ್ಲಿಸಿ, ಗುಳ್ಳೆ ನಡುವೆ ಬರುವವರೆಗೂ ಕಾಲುಗಳನ್ನು ಸರಿಪಡಿಸಿ, ಹದಿನಾರರಲ್ಲಿ ತೆಗೆದೆ. ಗೋಡೆಗಳು ನೆಟ್ಟಗೆ ನಿಂತವು. ಕೋಣೆ ಎಷ್ಟಿತ್ತೋ ಅಷ್ಟೇ ಕಂಡಿತು. ಏಜೆಂಟನ ಮುಖ ಸಣ್ಣಗಾಯಿತು. ಕ್ಯಾಮೆರಾವನ್ನು ನನ್ನ ಕೈಯಿಂದ ಇಸಿದುಕೊಂಡು, ಮೂಲೆಗೆ ಬೆನ್ನು ಒತ್ತಿ ನಿಂತು, ಲೆನ್ಸನ್ನು ಹತ್ತಕ್ಕೆ ತಿರುಗಿಸಿ ತಾನೇ ಒಂದು ತೆಗೆದ. ಅದರಲ್ಲಿ ಕೋಣೆ ಲಗ್ನದ ಮಂಟಪದಷ್ಟಾಯಿತು. ಅದನ್ನೇ ಎಲ್ಲರಿಗೂ ಕಳಿಸಿದ.

ಅಂದೋಲಾದಿಂದ ಒಂದು ಕುಟುಂಬ ಬಾಡಿಗೆ ಜೀಪಿನಲ್ಲಿ ನೋಡಲು ಬಂತು. ಅಂದು ನಾನು ಅದೇ ಮನೆಯ ಹಿಂದಿನ ಕೋಣೆಯಲ್ಲಿ ಫೋಟೊ ತೆಗೆಯುತ್ತಿದ್ದೆ. ಆ ಕುಟುಂಬದ ಹೆಂಗಸು ಒಳಗೆ ಬಂದು, ಎರಡು ಕೋಣೆ ಇಣುಕಿ, ತಿರುಗಿ ಬಂದಳು.

"ಫೋಟೊದಾಗಿನ ಹಾಲ್ ಎಲ್ಲದ್ರಿ?"

"ನೀವು ನಿಂತದ್ದಽ ಹಾಲ್ ಬಾಯಿ," ಎಂದ ಏಜೆಂಟ.

ಆಕೆ ಗೋಡೆಯಿಂದ ಗೋಡೆಗೆ ನಡೆದಳು. ನಡೆಯುವುದು ಬೇಗ ಮುಗಿಯಿತು. "ಇದು ಹಾಲಾದ್ರ ನಮ್ಮ ಎಮ್ಮಿ ಕಟ್ಟೋದು ಅರಮನಿ ಬಿಡ್ರಿ," ಎಂದು ಹೇಳಿ, ಜೀಪಿನತ್ತ ಹೊರಟಳು. ಗಂಡ ಹಿಂಬಾಲಿಸಿದ.

ಏಜೆಂಟ ನನ್ನ ಬಳಿ ಬಂದು, ಲೆನ್ಸ್ ಸರಿ ಇಲ್ಲ ಎಂದ. ನಾನು ಲೆನ್ಸಿನ ಉಂಗುರಕ್ಕೆ ಹದಿನಾರರ ಗೆರೆಯ ಮೇಲೆ ಅಂಟುಪಟ್ಟಿ ಸುತ್ತಿ, ಕ್ಯಾಮೆರಾವನ್ನು ನನ್ನ ಚೀಲದಲ್ಲಿ ಹಾಕಿಕೊಂಡೆ. ಅವನಿಗೆ ಸುಳ್ಳು ಹೇಳಿದ್ದಕ್ಕೆ ನಾಚಿಕೆಯಾಗಿರಲಿಲ್ಲ. ಸುಳ್ಳು ಸಾಲದೆ ಹೋಯಿತಲ್ಲ ಎಂದು ಬೇಸರವಾಗಿತ್ತು. ಆ ಹೊತ್ತಿಗೇ ಕೆಲಸ ಬಿಡಬಹುದಿತ್ತು. ಸಾಮಾನು ಕೈಗೆ ಹತ್ತತೊಡಗಿತ್ತು, ಅದಕ್ಕೆ ಬಿಡಲಿಲ್ಲ.

ಆಮೇಲೆ ಅಫಜಲಪುರದ ಮನೆ. ಹಳೆಯ ಓಣಿಯ ಮಾಳಿಗೆ ಮನೆ. ಅದರ ಒಡೆಯರಿಗೆ ಬಟ್ಟೆ ಅಂಗಡಿ. ದೊಡ್ಡ ರಸ್ತೆಗೆ ಹೊಸ ಮನೆ ಕಟ್ಟಿಕೊಂಡು ಹೋಗಿದ್ದರು, ಹಳೆಯದಕ್ಕೆ ಬಹಳ ದಿನದಿಂದ ಗಿರಾಕಿ ಸಿಕ್ಕಿರಲಿಲ್ಲ. ಪಡಸಾಲೆಯ ಮೇಲೆ ಅಡ್ಡಲಾಗಿ ಒಂದೇ ದೊಡ್ಡ ತೊಲೆ. ಅದರ ಮೇಲೆ ಜಂತಿ, ಜಂತಿಯ ಮೇಲೆ ಹಲಗೆ, ಹಲಗೆಯ ಮೇಲೆ ಮಣ್ಣಿನ ಭಾರ. ಬೆಳಕಿಂಡಿಯ ಬಿಸಿಲು ಒಂದು ಕಡೆ, ಕತ್ತಲು ಎಲ್ಲ ಕಡೆ. ಮೂರು ಬೆಳಕಿನ ಮೂರು ಚಿತ್ರ ತೆಗೆದು, ಕಂಪ್ಯೂಟರಿನಲ್ಲಿ ಒಂದಾಗಿ ಕೂಡಿಸಿ, ಕೆಲವು ಫೋಟೊ ಮಾಡಿ ಏಜೆಂಟನಿಗೆ ಕಳಿಸಿದೆ. ಗಿರಾಕಿ ಸೊಲ್ಲಾಪುರದಲ್ಲಿರುವ ನರ್ಸ್, ರಜೆ ಸಿಗುವುದಿಲ್ಲ, ಫೋಟೊ ನೋಡಿಯೇ ಮುಂಗಡ ಕೊಡುತ್ತಾಳೆ ಎಂದಿದ್ದ.

ಫೋಟೊದ ಮೂಲೆಯಲ್ಲಿ ನನ್ನ ಸ್ಟುಡಿಯೊದ ನಂಬರಿತ್ತು. ಆ ನರ್ಸ್ ನನಗೇ ಫೋನ್ ಮಾಡಿದಳು.

"ಅಕ್ಕಾರ, ಒಂದು ಫೋಟೊದಾಗ ತೊಲಿ ಸೀದಾ ಅದ. ಇನ್ನೊಂದರಾಗ ಬಗ್ಗ್ಯಾದ. ಯಾವುದು ಖರೆ?"

ನಾನು ಕಳಿಸಿದ್ದರಲ್ಲಿ ಸೀದಾ ತೊಲೆ ಇರಲಿಲ್ಲ. ಆಕೆಗೆ ಹೋದ ಫೋಟೊಗಳನ್ನು ತಿರುಗಿ ತರಿಸಿಕೊಂಡು ನೋಡಿದೆ. ಎಲ್ಲಕ್ಕಿಂತ ಮೊದಲು ಕಾಣುವ ದೊಡ್ಡ ಫೋಟೊದಲ್ಲಿ ಯಾರೋ ಮೊಬೈಲಿನಲ್ಲೇ ತೊಲೆಯನ್ನು ನೇರ ಮಾಡಿದ್ದರು. ಉಳಿದವುಗಳಿಗೆ ಆ ಶ್ರಮವನ್ನೂ ಪಟ್ಟಿರಲಿಲ್ಲ. ಏಜೆಂಟನಿಗೆ ಫೋನ್ ಮಾಡಿ ಕೇಳಿದೆ.

"ಲೆನ್ಸ್ ಗೆರಿ ಬಗ್ಗಸ್ತದಂತ ನೀನಽ ಹೇಳಿದ್ದಲ್ಲಕ್ಕಾ," ಎಂದ. "ನಾ ಸುಧಾರಿಸೇನಿ."

ಟೈಲ್ಸ್ ಗೋಡೆಯ ಚಿತ್ರಗಳನ್ನು ತೆಗೆದು ಪಕ್ಕಕ್ಕಿಟ್ಟು ನೋಡಿದೆ. ಆ ಲೆನ್ಸ್ ಮೇಲಂಚಿನ ಗೆರೆಯನ್ನು ಬಗ್ಗಿಸುವುದು ನಿಜ. ಆದರೆ ಮೇಲಕ್ಕೆ ಉಬ್ಬಿಸುತ್ತದೆ. ಈ ತೊಲೆ ಕೆಳಕ್ಕೆ ಜೋತಿತ್ತು. ಎಂದರೆ ಅದು ಲೆನ್ಸಿನ ಆಟವಾಗಿರಲು ಸಾಧ್ಯವೇ ಇಲ್ಲ. ಲೆನ್ಸ್ ಏನಾದರೂ ಮಾಡಿದ್ದರೆ ಇರುವ ಬಾಗನ್ನು ಒಂದಿಷ್ಟು ಮರೆಸಿತ್ತು.

ನರ್ಸಿಗೆ ಹೇಳಿದೆ. "ಬಗ್ಗಿದ್ದು ಖರೆ. ಎಷ್ಟು ಬಗ್ಗ್ಯಾದ, ಎಷ್ಟು ದಿನಾ ತಡೀತದ ಅನ್ನೂದು ಫೋಟೊ ಹೇಳಂಗಿಲ್ಲ. ಸೊಲ್ಲಾಪುರ ಏನು ದೂರ ಅಲ್ಲ. ಒಂದು ಸಲ ಬಂದು ನೋಡಿ ಹೋಗ್ರಿ."

ಆಕೆ ದನಿ ತಗ್ಗಿಸಿದಳು.

"ನೋಡಾಕ ಬರಬ್ಯಾಡ ಅಂದಾರಲ್ರಿ."

"ಯಾರು?"

"ನಿಮ್ಮ ಏಜೆಂಟ್. ಕಾಗದಾಗೋತನಕ ಓಣಿಯೊಳಗ ಕಾಲಿಡಬ್ಯಾಡ, ಮಂದಿ ಕೇಳ್ತಾರ, ಮಾತು ಕೆಡತದ ಅಂದಾರ. ನಾವು ಬೌದ್ಧರು ಅಕ್ಕಾರ. ಮಟಕಿಯವರು."

ರಜೆಯ ಮಾತನ್ನು ನಾನು ಕೇಳಿ ನಂಬಿದ್ದೆ. ಮಟಕಿ ನಮ್ಮ ಕಡೆಯ ಹಳ್ಳಿ, ಅಲ್ಲಿ ಬೌದ್ಧರೆಂದರೆ ಬೌದ್ಧ ಧರ್ಮಕ್ಕೆ ಸೇರಿದ ದಲಿತರು. ಆಕೆ ಮುಂದುವರಿಸಿದಳು. ಅಫಜಲಪುರದಲ್ಲಿ ಆಕೆಗೆ ಕೆಲಸ ಸಿಕ್ಕಿತ್ತು. ಬಾಡಿಗೆಗೆ ಮನೆ ಕೇಳಿದಲ್ಲೆಲ್ಲ ಮೊದಲು ಅಡ್ಡಹೆಸರು ಕೇಳಿದ್ದರು, ಆಮೇಲೆ ಮನೆ ಖಾಲಿ ಇಲ್ಲ ಎಂದಿದ್ದರು. ಅದಕ್ಕೆ ಇದ್ದದ್ದನ್ನೆಲ್ಲ ಕೂಡಿಸಿ ಕೊಳ್ಳಲು ಹೊರಟಿದ್ದಳು. ಪಡಸಾಲೆ ತಂಪಾಗಿರುತ್ತದೆ, ತಾಯಿ ಮತ್ತು ಮಗಳು ಅಲ್ಲಿ ಮಲಗಬಹುದು ಎಂದುಕೊಂಡಿದ್ದಳು. ಎಂದರೆ ಆ ತೊಲೆಯ ಕೆಳಗೆ.

ಮನೆಯನ್ನು ಕಾಲಿಟ್ಟು ನೋಡಬೇಕಿಲ್ಲ ಎಂಬ ಏಜೆಂಟನ ಮಾತಿಗೆ ಅರ್ಥ ಅಂದು ತಿಳಿಯಿತು. ಅಂದೋಲಾದವರು ಜೀಪು ಮಾಡಿಕೊಂಡು ಬಂದು, ನಡೆದು ನೋಡಿ, ಎಮ್ಮೆಯ ಮಾತಾಡಿ ಹೋಗಬಹುದಿತ್ತು. ಈಕೆಗೆ ಮನೆ ಎಂದರೆ ನಾನು ತೆಗೆದ ನಾಲ್ಕಾರು ಫೋಟೊ, ಅದರಲ್ಲೂ ಒಂದನ್ನು ಅವನು ತಿದ್ದಿದ್ದ.

ಎರಡು ದಿನ ಯೋಚಿಸಿ, ನರ್ಸಿಗೆ ತಿರುಗಿ ಫೋನ್ ಮಾಡಿದೆ. "ಮನಿ ನೋಡಾಕ ಬರಬ್ಯಾಡ್ರಿ. ನನ್ನ ಸ್ಟ್ಯಾಂಡ್ ಹೊರಾಕ ಬರ್ರಿ."

ಏಜೆಂಟನಿಗೆ, ಬೆಳಕು ಸರಿ ಬಂದಿಲ್ಲ, ಪಡಸಾಲೆಯನ್ನು ಮತ್ತೆ ತೆಗೆಯಬೇಕು ಎಂದೆ. ಚಂದದ ಫೋಟೊ ಸಿಗುವುದಾದರೆ ಅವನಿಗೆ ಯಾವ ಪ್ರಶ್ನೆಯೂ ಇರುತ್ತಿರಲಿಲ್ಲ.

ಅಫಜಲಪುರದ ಬಸ್‌ ಸ್ಟ್ಯಾಂಡಿನಲ್ಲಿ ಆಕೆ ಇಳಿದಳು. ಗಟ್ಟಿಮುಟ್ಟಾದ ಹೆಂಗಸು, ನನಗಿಂತ ಸಣ್ಣವಳು. ಸ್ಟ್ಯಾಂಡನ್ನು ಹೆಗಲಿಗೇರಿಸಿಕೊಂಡು, "ಇದಕ್ಕಿಂತ ಪೇಶಂಟ್ ವಜ್ಜಾ ಇರ್ತಾರ ತಗೋರಿ," ಎಂದಳು. ಕಾಲುಗಳನ್ನು ಹೇಗೆ ಬಿಡಿಸುವುದು, ಗುಳ್ಳೆ ಹೇಗೆ ನೋಡುವುದು ಎಂದು ಚಹದ ಅಂಗಡಿಯ ಹಿಂದೆ ತೋರಿಸಿಕೊಟ್ಟೆ. ಗೌಂಡಿಗಳು ಬಳಸುವ ಬಿಳಿ ದಾರದ ಒಂದು ಉಂಡೆಯನ್ನೂ ಕೊಂಡೆ.

ಮನೆಯಲ್ಲಿ ಬಟ್ಟೆ ಅಂಗಡಿಯವರ ಹೆಂಡತಿ ಬೀಗ ತೆಗೆದು ಕಾಯುತ್ತಿದ್ದರು. ಪಕ್ಕದ ಮನೆಯ ಮುದುಕಿಯೊಬ್ಬಳು ಹೊಸ್ತಿಲ ಮೇಲೆ ಕೂತಿದ್ದಳು. ನಾನು ಕೆಲಸ ಶುರು ಮಾಡಿದೆ. ನರ್ಸ್ ನಾನು ಹೇಳಿದಲ್ಲಿ ಸ್ಟ್ಯಾಂಡ್ ಇಡುತ್ತ, ಎತ್ತುತ್ತ, ಪ್ರತಿ ಕೋಣೆಯನ್ನೂ ನೋಡಿದಳು. ನೀರಿನ ನಲ್ಲಿ ತಿರುಗಿಸಿದಳು. ಹಿತ್ತಲಿಗೆ ಹೋಗಿ ಬಂದಳು. ಗೋಡೆಯ ಮೇಲೆ ಅಂಗೈ ಇಟ್ಟು ತೇವ ನೋಡಿದಳು. ಒಂದು ಕೋಣೆಯಲ್ಲಿ ಸುಮ್ಮನೆ ನಿಂತು ಬೆಳಕಿಂಡಿಯನ್ನೇ ನೋಡುತ್ತಿದ್ದಳು; ಮನೆ ಆಕೆಗೆ ಇಷ್ಟವಾಗಿದೆ ಎಂದು ನನಗೆ ತಿಳಿಯಿತು.

ಪಡಸಾಲೆಗೆ ಬಂದಾಗ ಏಜೆಂಟ ಮೋಟರ್‌ಸೈಕಲ್ ನಿಲ್ಲಿಸಿ ಒಳಗೆ ಬಂದ. ಅವನು ಬರುತ್ತಾನೆಂದು ನಾನು ಎಣಿಸಿರಲಿಲ್ಲ. ಆದರೆ ಅವನು ಆಕೆಯ ದನಿಯನ್ನು ಫೋನಿನಲ್ಲಿ ಕೇಳಿದ್ದನೇ ಹೊರತು ಮುಖ ಎಂದೂ ಕಂಡಿರಲಿಲ್ಲ. ಕಾಣುವ ಗರಜೂ ಅವನಿಗೆ ಬಿದ್ದಿರಲಿಲ್ಲ.

"ಏ ತಂಗಿ, ಆ ಕೋಲು ಅತ್ತ ಸರಸು, ನೆರಳು ಬೀಳತದ," ಎಂದು ಆಕೆಗೆ ಹೇಳಿ, ನನ್ನ ಕಡೆ ತಿರುಗಿದ. "ಇಷ್ಟ್ಯಾಕ ಒದ್ದಾಡ್ತಿ ಅಕ್ಕಾ? ಆ ನರ್ಸಬಾಯಿ ಏನೂ ನೋಡಂಗಿಲ್ಲ. ಅಂಥವರಿಗಿ ಇಂಥ ಓಣ್ಯಾಗ ಮನಿ ಸಿಗೋದಽ ದೊಡ್ಡದು. ತೊಲಿ ನೋಡ್ಕೋತ ಕೂಡ್ತಾಳೇನು?"

ಅಂಗಡಿಯವರ ಹೆಂಡತಿ ಕೇಳಿದರು. "ಅಂಥವರು ಅಂದ್ರ ಎಂಥವರು?"

"ಏನಿಲ್ಲ ಬಿಡ್ರಿ ಬಾಯಾರ. ನೌಕರಿಯವರು ಅಂದೆ."

ನರ್ಸ್ ದಾರದ ಒಂದು ತುದಿಯನ್ನು ನನ್ನ ಕೈಗಿತ್ತು, ಇನ್ನೊಂದು ತುದಿ ಹಿಡಿದು ಸ್ಟೂಲಿನ ಮೇಲೆ ಹತ್ತಿದಳು. ನಾನು ಈ ಕಡೆಯ ಸ್ಟೂಲಿನ ಮೇಲೆ. ತೊಲೆ ಗೋಡೆಯೊಳಗೆ ಹೋಗುವ ಎರಡೂ ತುದಿಗಳಲ್ಲಿ, ಅದರ ಕೆಳಮೈಯಿಂದ ಒಂದು ಗೇಣು ಕೆಳಗೆ ದಾರವನ್ನು ಮೊಳೆಗೆ ಕಟ್ಟಿ ಬಿಗಿಯಾಗಿ ಎಳೆದೆವು. ನಡುವೆ ಒಂದು ಗೇಣು ಉಳಿಯಬೇಕಿತ್ತು. ತೊಲೆ ದಾರಕ್ಕೆ ತಾಗುವಷ್ಟು ಕೆಳಗಿಳಿದಿತ್ತು. ಆಕೆ ಇಳಿದು ಬಂದು, ನಡುವೆ ನಿಂತು, ಬೆರಳನ್ನು ದಾರ ಮತ್ತು ತೊಲೆಯ ನಡುವೆ ತೂರಿಸಲು ನೋಡಿದಳು. ಒಂದು ಬೆರಳು ಕಷ್ಟದಿಂದ ಹೋಯಿತು.

"ಇದೇನು ಹೊಸಾ ಆಟ?" ಎಂದ ಏಜೆಂಟ.

"ತೊಲಿ ಬದಲಿಸಬೇಕಂತ ನಾನಽ ಹೇಳೇನಲ್ಲ ಇವರಿಗಿ," ಎಂದರು ಅಂಗಡಿಯವರ ಹೆಂಡತಿ, ಏಜೆಂಟನ ಕಡೆ ಕೈ ಮಾಡಿ, ಸಹಜವಾಗಿ. "ಗಿರಾಕಿಗಿ ಮೊದಲ ಹೇಳ್ರಿ, ಆಮ್ಯಾಲ ತಕರಾರು ಬ್ಯಾಡ ಅಂದಿದ್ದೆ."

"ನನಗ ಹೇಳಿಲ್ರಿ," ಎಂದಳು ನರ್ಸ್.

ಏಜೆಂಟ ಆ ದನಿ ಗುರುತು ಹಿಡಿದ. ಅವನ ಮುಖದಲ್ಲಿ ಆದದ್ದನ್ನು ನಾನು ಹತ್ತಿರದಿಂದ ನೋಡಿದೆ, ಅದು ನಾಚಿಕೆಯಾಗಿರಲಿಲ್ಲ. ಯಾವ ಬಾಗಿಲಿನಿಂದ ಹೊರಬೀಳುವುದು ಎಂಬ ಲೆಕ್ಕಾಚಾರವಾಗಿತ್ತು.

ಹೊಸ್ತಿಲ ಮೇಲಿನ ಮುದುಕಿ ಮೊದಲ ಸಲ ಬಾಯಿ ತೆರೆದಳು. "ಈ ಹುಡುಗಿ ಯಾರ ಪೈಕಿ?"

ನನ್ನ ಹುಡುಗಿ, ಕೆಲಸಕ್ಕೆ ಬಂದವಳು ಎಂದು ಹೇಳಲು ಬಾಯಿ ತೆರೆದೆ. ಅದಕ್ಕೆ ಮುಂಚೆ ಆಕೆಯೇ ಹೇಳಿದಳು, ಆಸ್ಪತ್ರೆಯಲ್ಲಿ ಹೆಸರು ಕೂಗುವಷ್ಟು ಸ್ಪಷ್ಟವಾಗಿ. "ನರ್ಸ್ ಇದ್ದೇನಿ ಆಯಿ. ಮಟಕಿಯವಳು. ಬೌದ್ಧರು. ಈ ಮನಿ ಕೊಳ್ಳಾಕ ಹೊಂಟಿದ್ದು ನಾನಽ."

ಮುದುಕಿ ಸೆರಗು ಸರಿಪಡಿಸಿಕೊಂಡು ಅಂಗಡಿಯವರ ಹೆಂಡತಿಯ ಮುಖ ನೋಡಿದಳು. ಅವರು ಏಜೆಂಟನ ಮುಖ ನೋಡಿದರು. ಏಜೆಂಟ ಫೋನು ತೆಗೆದು, ಬಾರದ ಕರೆಯನ್ನು ಕಿವಿಗಿಟ್ಟುಕೊಂಡು ಅಂಗಳಕ್ಕೆ ನಡೆದ.

ನಾನು ಕ್ಯಾಮೆರಾದ ಹಿಂದೆ ನಿಂತೆ. ಗುಂಡಿ ಒತ್ತಿದರೆ ಕ್ಯಾಮೆರಾ ಅಲುಗುತ್ತದೆಂದು ಹತ್ತು ಸೆಕೆಂಡಿನ ಟೈಮರ್ ಇಟ್ಟು ಕೈ ತೆಗೆದೆ. "ತಂಗಿ, ದಾರದ ಹತ್ತಿರ ಹಂಗಽ ನಿಂದ್ರು. ಅಳತಿ ತಿಳೀತದ," ಎಂದೆ. ಆ ಕತ್ತಲಿಗೆ ನಾಲ್ಕು ಸೆಕೆಂಡು ಬೇಕಿತ್ತು. ಆಕೆ ತೊಲೆಯ ಕೆಳಗೆ ಕೈ ಎತ್ತಿ ನಿಂತಳು. ಅಂಗಡಿಯವರ ಹೆಂಡತಿ ಆ ಕಡೆಯಿಂದ ಈ ಕಡೆಗೆ ನಡೆದರು. ಪರದೆಯ ಮೇಲೆ ಚಿತ್ರ ಬಂದಾಗ ಅವರಿದ್ದಲ್ಲಿ ಬರೀ ಒಂದು ಮಸುಕು ಗೀಟಿತ್ತು. ಅಲುಗದೆ ನಿಂತಿದ್ದ ನರ್ಸ್ ಉಗುರಿನವರೆಗೂ ಸ್ಪಷ್ಟವಾಗಿದ್ದಳು. ದಾರ ನೇರವಾಗಿತ್ತು, ತೊಲೆ ಬಗ್ಗಿತ್ತು.

ಅಂಗಡಿಯವರ ಹೆಂಡತಿ ಕೊನೆಗೆ ಮಾತು ಹೊಂದಿಸಿಕೊಂಡರು. ಕೆಟ್ಟ ಹೆಂಗಸೇನಲ್ಲ, ತೊಲೆಯ ವಿಷಯದಲ್ಲಿ ನಿಜ ಹೇಳಿದವರು. ಅದಕ್ಕೇ ಮುಂದಿನದು ಕೇಳಲು ಇನ್ನಷ್ಟು ಕಷ್ಟವಾಯಿತು.

"ನನ್ನದೇನಿಲ್ಲವ್ವಾ. ನಾವು ಅಂಥಾದ್ದು ನೋಡೋರಲ್ಲ. ಆದ್ರ ಓಣಿ ಮಂದಿ ಇರ್ತಾರಲ್ಲ. ಮನ್ಯಾಗ ಗಂಡಸರನ್ನ ಒಂದು ಮಾತು ಕೇಳಿ ಹೇಳ್ತೇನಿ."

"ಕೇಳಬ್ಯಾಡ್ರಿ," ಎಂದಳು ನರ್ಸ್. ದಾರವನ್ನು ಮೊಳೆಯಿಂದ ಬಿಚ್ಚಿ ಕೈಗೆ ಸುತ್ತಿಕೊಳ್ಳುತ್ತಿದ್ದಳು. "ನನಗಽ ಮನಿ ಒಪ್ಪಿಗಿ ಇಲ್ಲ. ತೊಲಿ ಬಗ್ಗ್ಯಾದ."

ಬಹಳ ದಿನದಿಂದ ಗಿರಾಕಿ ಇಲ್ಲದ ಮನೆ. ಅವರಿಗೆ ಅದು ಈಗ ನೆನಪಾಯಿತು. ಎರಡು ಹೆಜ್ಜೆ ಮುಂದೆ ಬಂದರು. "ಹಂಗಂದ್ರ ಹೆಂಗವ್ವಾ. ತೊಲಿ ಬದಲ್ ಮಾಡಿಸಿ ಕೊಡ್ತೇವಲ್ಲ. ಬಡಿಗ್ಯಾರು ನಮ್ಮವರಽ ಇದ್ದಾರ."

ನರ್ಸ್ ಸ್ಟ್ಯಾಂಡಿನ ಮೂರು ಕಾಲನ್ನೂ ಒಂದೊಂದಾಗಿ ಮಡಚಿ, ತಿರುಪು ಬಿಗಿದು, ಹೆಗಲಿಗೇರಿಸಿಕೊಂಡಳು. ಹೊಸ್ತಿಲ ಮೇಲಿನ ಮುದುಕಿ ಎದ್ದು ದಾರಿ ಬಿಡಬೇಕಾಯಿತು.

"ಮಾಡಸ್ರಿ," ಎಂದಳು. "ಮಾಡಿಸಿ ಆದ ಮ್ಯಾಲ ಹೇಳಿ ಕಳಸ್ರಿ. ಫೋಟೊ ಬ್ಯಾಡ. ನೋಡಾಕ ನಾನಽ ಬರ್ತೇನಿ."